ಕುಂಡದಲ್ಲಿ ಮೆಣಸಿನಕಾಯಿ: ಬೀಜ ಹಾಕಿದ ಮೊದಲ 40 ದಿನ, ಮತ್ತು ಆಮೇಲೆ

ಮೆಣಸಿನಕಾಯಿ ಬೀಜ ಹಾಕಿ ಐದನೇ ದಿನಕ್ಕೆ ಮಣ್ಣು ಕೆದಕಿ ನೋಡಬೇಡಿ. ನಾನು ಹೇಳಬೇಕೆಂದಿರುವ ಮೊದಲ ಮಾತೇ ಇದು. ಹೆಸರುಕಾಳು ಒಂದೇ ರಾತ್ರಿಗೆ ಮೊಳಕೆ ಒಡೆಯುತ್ತದೆ. ಮೆಂತ್ಯ ಮೂರು ದಿನಕ್ಕೆ ತಲೆ ಎತ್ತುತ್ತದೆ. ಟೊಮೆಟೊ ಸಾಮಾನ್ಯವಾಗಿ ಒಂದು ವಾರದಲ್ಲಿ ಬರುತ್ತದೆ. ಇವನ್ನು ನೋಡಿ ಅಭ್ಯಾಸವಾದ ನಮಗೆ ಮೆಣಸಿನಕಾಯಿಯ ನಿಧಾನ ಸಹಿಸುವುದು ಕಷ್ಟ. ಬೆಚ್ಚಗಿದ್ದರೆ ಎಂಟರಿಂದ ಹತ್ತು ದಿನ ಬೇಕು. ಚಳಿಗಾಲದಲ್ಲಿ ಎರಡು ವಾರ, ಕೆಲವೊಮ್ಮೆ ಮೂರು ವಾರ. ಅಷ್ಟರೊಳಗೆ "ಬೀಜವೇ ಸರಿಯಿಲ್ಲ" ಎಂದು ಮಣ್ಣು ಸುರಿದುಬಿಡುವವರು ಬಹಳ ಮಂದಿ. ಮೊದಲ ಸಲ ನಾನೂ ಸುರಿದಿದ್ದೆ. ಹತ್ತು ದಿನ ಕಳೆದ ಮೇಲೆ ಗೋಡೆ ಪಕ್ಕ, ಆ ಸುರಿದ ಮಣ್ಣಿನಲ್ಲೇ ಏಳೆಂಟು ಸಸಿ ಎದ್ದು ನಿಂತಿದ್ದವು.

ನಮ್ಮ ಮನೆ ಮೈಸೂರಿನಲ್ಲಿ. ತಾರಸಿಯ ಮೇಲೆ ಎಂಟು ವರ್ಷದಿಂದ ಮೆಣಸಿನಕಾಯಿ ಬೆಳೆಯುತ್ತಿದ್ದೇನೆ. ಇಷ್ಟು ವರ್ಷದಲ್ಲಿ ನನಗೆ ಖಚಿತವಾದದ್ದು ಒಂದು: ಈ ಗಿಡದ ಹಣೆಬರಹ ಮೊದಲ 40 ದಿನದಲ್ಲೇ ಮುಕ್ಕಾಲು ಪಾಲು ತೀರ್ಮಾನವಾಗುತ್ತದೆ. ಆಗ ಗಟ್ಟಿಯಾಗಿ ಬೆಳೆದ ಸಸಿ, ಮುಂದೆ ಹುಳ ಬಂದರೂ ತಡೆದುಕೊಂಡು ಚಿಗುರುತ್ತದೆ. ಆಗ ಸೊರಗಿದ ಸಸಿಗೆ ಆಮೇಲೆ ಎಷ್ಟು ಗೊಬ್ಬರ ಸುರಿದರೂ ಅಷ್ಟಕ್ಕಷ್ಟೇ. ಅದಕ್ಕೇ ಆ 40 ದಿನದ ಬಗ್ಗೆ ಇಲ್ಲಿ ಜಾಸ್ತಿ ಬರೆಯುತ್ತೇನೆ.

ಯಾವ ಮೆಣಸಿನಕಾಯಿ?

ಅಂಗಡಿಯಲ್ಲಿ ಸಿಕ್ಕ ಮೊದಲ ಪ್ಯಾಕೆಟ್ ತರಬೇಡಿ. ಮನೆಯಲ್ಲಿ ಯಾವುದಕ್ಕೆ ಬಳಸುತ್ತೀರಿ ಅಂತ ಯೋಚಿಸಿ.

ದಿನಾ ಒಗ್ಗರಣೆಗೆ, ಚಟ್ನಿಗೆ, ಉಪ್ಪಿಟ್ಟಿಗೆ ಹಸಿಮೆಣಸಿನಕಾಯಿ ಬೇಕಾದರೆ ಜ್ವಾಲಾ ಹಾಕಿ. ಪೂಸಾ ಜ್ವಾಲಾ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ತಳಿ. ಗಿಡ ಗಿಡ್ಡಗೆ, ಪೊದೆಯಂತೆ ಹರಡುತ್ತದೆ. ಕಾಯಿ ಸಪೂರ, ಉದ್ದ, ತುದಿ ಡೊಂಕು. ಕುಂಡಕ್ಕೆ ಹೇಳಿ ಮಾಡಿಸಿದ ಗಿಡ. ನಮ್ಮ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ತಳಿಗಳೂ ಚೆನ್ನಾಗಿವೆ. ಅರ್ಕಾ ಲೋಹಿತ್ ಹಣ್ಣಾದಾಗ ಕಡುಕೆಂಪು, ಒಳ್ಳೆ ಖಾರ. ಅದರ ಬೀಜ ಎತ್ತಿಟ್ಟು ಮತ್ತೆ ಬೆಳೆಯಬಹುದು. ಅರ್ಕಾ ಮೇಘನಾ, ಅರ್ಕಾ ಹರಿತಾ, ಅರ್ಕಾ ಖ್ಯಾತಿ ಹೈಬ್ರಿಡ್ ತಳಿಗಳು. ಇಳುವರಿ ಜಾಸ್ತಿ, ಆದರೆ ಅವುಗಳ ಬೀಜ ಹಾಕಿದರೆ ಮುಂದಿನ ಗಿಡ ತಾಯಿಯಂತೆ ಇರುವುದಿಲ್ಲ. ಒಂದು ಉದ್ದ ಕಾಯಿ ಬಿಟ್ಟರೆ ಇನ್ನೊಂದು ಮೋಟು.

ಬ್ಯಾಡಗಿ ಬಗ್ಗೆ ಸ್ವಲ್ಪ ಹೇಳಲೇಬೇಕು. ನಮ್ಮ ಅತ್ತೆಯವರು ಹಾವೇರಿ ಕಡೆಯವರು. ಖಾರ ಕಡಿಮೆ, ಬಣ್ಣ ಜಾಸ್ತಿ ಇರುವ ಈ ಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಗಿಡ್ಡಗೆ ದಪ್ಪಗಿರುವುದು ಡಬ್ಬಿ, ಉದ್ದಕ್ಕೆ ಸಪೂರ ಇರುವುದು ಕಡ್ಡಿ. ಹಾವೇರಿ, ಧಾರವಾಡ, ಗದಗ ಕಡೆಯ ಎರೆಹೊಲದಲ್ಲಿ ಮಳೆ ನೀರಿನಲ್ಲೇ ಬೆಳೆದು, ಬಿಸಿಲಿನಲ್ಲಿ ಒಣಗಿ ನೆರಿಗೆ ಬಿದ್ದ ಬ್ಯಾಡಗಿಯ ಬಣ್ಣ ನಮ್ಮ ತಾರಸಿ ಕಾಯಿಗೆ ಪೂರ್ತಿ ಬರುವುದಿಲ್ಲ. ಆದರೂ ಪ್ರತಿ ವರ್ಷ ಎರಡು ಗಿಡ ಹಾಕುತ್ತೇನೆ. ಹಣ್ಣಾದ ಹಸಿ ಬ್ಯಾಡಗಿಯಲ್ಲಿ ಅರೆದ ಕೆಂಪು ಚಟ್ನಿ, ಬಿಸಿ ರೊಟ್ಟಿ. ಅದಕ್ಕಾದರೂ ಹಾಕಬೇಕು.

ಮಲೆನಾಡು, ಕರಾವಳಿಯವರಿಗೆ ಸೂಜಿಮೆಣಸು ಗೊತ್ತೇ ಇದೆ. ಜೀರಿಗೆ ಮೆಣಸು, ಗಾಂಧಾರಿ ಅಂತಲೂ ಕರೆಯುತ್ತಾರೆ. ಸಣ್ಣ ಕಾಯಿ, ಭಯಂಕರ ಖಾರ. ಹಕ್ಕಿಗಳಿಗೆ ಈ ಖಾರ ತಾಗುವುದೇ ಇಲ್ಲ. ಅವು ಹಣ್ಣು ನುಂಗಿ, ಕೂತ ಮರದ ಬುಡದಲ್ಲಿ ಬೀಜ ಬೀಳಿಸುತ್ತವೆ, ಗಿಡ ತಾನಾಗಿಯೇ ಏಳುತ್ತದೆ. ಇದು ಸ್ವಲ್ಪ ನೆರಳಿನಲ್ಲೂ ಬದುಕುತ್ತದೆ, ವರ್ಷಗಟ್ಟಲೆ ಇರುತ್ತದೆ. ಬಾಲ್ಕನಿಯಲ್ಲಿ ಮೂರ್ನಾಲ್ಕು ಗಂಟೆ ಬಿಸಿಲು ಮಾತ್ರ ಬರುತ್ತದೆ ಅನ್ನುವವರು ಇದನ್ನೇ ಹಾಕಿ. ಆದರೆ ಬೀಜ ಮೊಳೆಯಲು ಇನ್ನೂ ನಿಧಾನ, ಒಂದು ತಿಂಗಳ ತನಕ ಕಾಯಬೇಕಾಗಬಹುದು.

ದೊಣ್ಣೆ ಮೆಣಸಿನಕಾಯಿಯನ್ನು ಮೊದಲ ವರ್ಷವೇ ಹಾಕಬೇಡಿ. ಅದಕ್ಕೆ ತಂಪು ಹವೆ, ಜಾಸ್ತಿ ಆರೈಕೆ ಬೇಕು. ಬಜ್ಜಿ ಮೆಣಸಿನಕಾಯಿ ಪರವಾಗಿಲ್ಲ, ದೊಡ್ಡ ಕುಂಡ ಇರಲಿ.

ನಾಲ್ಕು ಜನರ ಮನೆಗೆ ನಾಲ್ಕೈದು ಗಿಡ ಸಾಕು.

ಅಡುಗೆಮನೆ ಡಬ್ಬಿಯ ಬೀಜ ಆಗುತ್ತದೆಯೇ?

ಆಗುತ್ತದೆ, ಆದರೆ ಎಲ್ಲವೂ ಅಲ್ಲ. ಬಿಸಿಲಿನಲ್ಲಿ ಒಣಗಿಸಿದ, ಆ ವರ್ಷದ ಒಣಮೆಣಸಿನಕಾಯಿಯ ಬೀಜ ಚೆನ್ನಾಗಿ ಮೊಳೆಯುತ್ತದೆ. ಜಾಸ್ತಿ ಶಾಖ ಕೊಟ್ಟು ಯಂತ್ರದಲ್ಲಿ ಒಣಗಿಸಿದ್ದು, ಎರಡು ವರ್ಷ ಹಳೆಯದು, ಒಳಗೆ ಬೂಷ್ಟು ಹಿಡಿದದ್ದು ಕೆಲಸಕ್ಕೆ ಬಾರದು. ಬೀಜ ತಿಳಿ ಹಳದಿ ಇರಬೇಕು. ಕಂದು ಅಥವಾ ಕಪ್ಪಾಗಿದ್ದರೆ ಬಿಡಿ. ಹಸಿಮೆಣಸಿನಕಾಯಿಯ ಬೀಜ ಮಾತ್ರ ಹಾಕಬೇಡಿ, ಅದು ಇನ್ನೂ ಬಲಿತಿರುವುದಿಲ್ಲ. ಮಾರುಕಟ್ಟೆಯಲ್ಲಿ ಬರುವ ಕಾಯಿಯಲ್ಲಿ ಹೈಬ್ರಿಡ್ ಬಹಳ. ಡಬ್ಬಿಯ ಬೀಜದಿಂದ ಗಿಡ ಬರುತ್ತದೆ, ಕಾಯಿ ಹೇಗಿರುತ್ತದೆ ಅಂತ ಭರವಸೆ ಇಲ್ಲ.

ನಂಬಿಕೆಯ ಬೀಜ ಬೇಕಾದರೆ ತೋಟಗಾರಿಕಾ ಸಂಶೋಧನಾ ಸಂಸ್ಥೆ, ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ, ಬೆಂಗಳೂರು ಮತ್ತು ಧಾರವಾಡದ ಕೃಷಿ ಮೇಳಗಳಲ್ಲಿ ವಿಚಾರಿಸಿ. ಒಂದು ಗ್ರಾಂನಲ್ಲಿ ನೂರೈವತ್ತರ ಸುಮಾರು ಬೀಜ ಇರುತ್ತದೆ. ಒಂದು ಪ್ಯಾಕೆಟ್ ತಂದು ಅಕ್ಕಪಕ್ಕದ ನಾಲ್ಕು ಮನೆಯವರು ಹಂಚಿಕೊಳ್ಳುವುದೇ ಸರಿ. ಪ್ಯಾಕೆಟ್ ಮೇಲೆ ಪರೀಕ್ಷೆಯ ದಿನಾಂಕ ನೋಡಿ. ಕೆಲವು ಬೀಜಕ್ಕೆ ಗುಲಾಬಿ ಅಥವಾ ನೀಲಿ ಬಣ್ಣ ಲೇಪಿಸಿರುತ್ತಾರೆ. ಅದು ವಿಷ, ಶಿಲೀಂಧ್ರ ಬರದಂತೆ ಹಚ್ಚಿದ ಔಷಧ. ಮಕ್ಕಳ ಕೈಗೆ ಕೊಡಬೇಡಿ, ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಉಳಿದದ್ದನ್ನು ಅಡುಗೆಮನೆಯಲ್ಲಿ ಇಡಬೇಡಿ.

ಯಾವಾಗ ಹಾಕಬೇಕು?

ಈ ಗಿಡ ಮೂಲದಲ್ಲಿ ನಮ್ಮದಲ್ಲ. ಮೆಕ್ಸಿಕೊ, ಮಧ್ಯ ಅಮೆರಿಕ ಕಡೆಯದು. ಪೋರ್ಚುಗೀಸರ ಹಡಗಿನಲ್ಲಿ ಇಲ್ಲಿಗೆ ಬಂತು. ಅದಕ್ಕೂ ಮುಂಚೆ ನಮ್ಮವರಿಗೆ ಮೆಣಸು ಅಂದರೆ ಕಾಳುಮೆಣಸೇ. ಬೆಚ್ಚನೆಯ ನಾಡಿನ ಗಿಡವಾದ್ದರಿಂದ ಇದಕ್ಕೆ ಚಳಿಯೂ ಆಗದು, ಕಾದ ಬಾಣಲೆಯಂಥ ಬಿಸಿಲೂ ಆಗದು.

ಮೈಸೂರು, ಬೆಂಗಳೂರಿನ ಹವೆಯಲ್ಲಿ ಮೇ ಕೊನೆಯಿಂದ ಜೂನ್, ಸೆಪ್ಟೆಂಬರ್‌ನಿಂದ ಅಕ್ಟೋಬರ್ ಮೊದಲ ವಾರ, ಜನವರಿ ಕೊನೆಯಿಂದ ಫೆಬ್ರವರಿ. ಈ ಮೂರರಲ್ಲಿ ನನಗೆ ಸೆಪ್ಟೆಂಬರ್ ಇಷ್ಟ. ಮಳೆ ಇಳಿಯುವ ಹೊತ್ತಿಗೆ ಸಸಿ ಕುಂಡಕ್ಕೆ ಹೋಗುತ್ತದೆ, ಬೇಸಿಗೆ ಬರುವ ಮುಂಚೆ ಮೂರು ತಿಂಗಳು ಕಾಯಿ ಕೊಯ್ಯಬಹುದು. ಕರಾವಳಿ, ಮಲೆನಾಡಿನವರು ಜೂನ್ ಮಳೆಗೆ ಹಾಕಿದರೆ ಸಸಿ ಕೊಳೆಯುವುದೇ ಜಾಸ್ತಿ, ಸೆಪ್ಟೆಂಬರ್ ತನಕ ತಡೆಯಿರಿ. ಕಲಬುರಗಿ, ರಾಯಚೂರು, ಬಳ್ಳಾರಿಯವರು ಫೆಬ್ರವರಿಯಲ್ಲಿ ಹಾಕಬೇಡಿ, ಹೂ ಬಿಡುವ ಹೊತ್ತಿಗೆ ನೆತ್ತಿ ಸುಡುವ ಬಿಸಿಲು ಬಂದಿರುತ್ತದೆ. ಹಿಮ ಬೀಳುವ ದೇಶಗಳಲ್ಲಿರುವ ಕನ್ನಡಿಗರು ಕೊನೆಯ ಹಿಮ ಬೀಳುವ ಎಂಟು ವಾರ ಮುಂಚೆ ಮನೆಯೊಳಗೇ ಬೀಜ ಹಾಕಿ, ಬೆಚ್ಚಗಾದ ಮೇಲೆ ಹೊರಗಿಡಬೇಕು.

ಬೀಜ ಹಾಕುವ ದಿನ

ಹಿಂದಿನ ರಾತ್ರಿ ಬೀಜವನ್ನು ಉಗುರುಬೆಚ್ಚನೆ ನೀರಿನಲ್ಲಿ ನೆನೆಹಾಕಿ. ಬಣ್ಣ ಲೇಪಿಸಿದ ಬೀಜವಾದರೆ ನೆನೆಸಬೇಡಿ, ಔಷಧ ತೊಳೆದು ಹೋಗುತ್ತದೆ. ನೀರಿನಲ್ಲಿ ತೇಲಿದ ಬೀಜವೆಲ್ಲ ಜೊಳ್ಳು ಅಂತ ಹೇಳುವುದುಂಟು. ಮೆಣಸಿನಕಾಯಿಗೆ ಆ ಲೆಕ್ಕ ಸರಿಹೋಗುವುದಿಲ್ಲ. ಒಣಗಿದ ಬೀಜ ಹಗುರ, ಮೊದಲು ತೇಲುತ್ತದೆ, ನೀರು ಕುಡಿದ ಮೇಲೆ ಮುಳುಗುತ್ತದೆ. ಸುಮ್ನೆ ಒಳ್ಳೆ ಬೀಜ ಎಸೆಯಬೇಡಿ.

ಸಸಿ ಮಾಡಲು ತೋಟದ ಮಣ್ಣು ಬೇಡ. ಅದು ಗಟ್ಟಿಯಾಗುತ್ತದೆ, ಅದರಲ್ಲಿ ರೋಗವೂ ಇರುತ್ತದೆ. ಎರಡು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಜರಡಿ ಹಿಡಿದ ಎರೆಗೊಬ್ಬರ ಸಾಕು. ಕೋಕೋಪೀಟ್ ಇಟ್ಟಿಗೆಯನ್ನು ನೀರಿನಲ್ಲಿ ನೆನೆಸಿ, ಎರಡು ಸಲ ತೊಳೆದು ಹಿಂಡಿ. ತೊಳೆಯದೆ ಹಾಕಿದರೆ ಅದರಲ್ಲಿರುವ ಉಪ್ಪಿನಂಶದಿಂದ ಎಳೆ ಬೇರು ಸುಡುತ್ತದೆ. ಸಿಕ್ಕಿದರೆ ಒಂದು ಚಮಚ ಟ್ರೈಕೋಡರ್ಮಾ ಪುಡಿಯನ್ನು ಎರೆಗೊಬ್ಬರಕ್ಕೆ ಬೆರೆಸಿ. ಗೊಬ್ಬರದ ಅಂಗಡಿಯಲ್ಲಿ ಸಿಗುತ್ತದೆ. ಸಸಿ ಕೊಳೆಸುವ ಶಿಲೀಂಧ್ರವನ್ನು ಇದು ತಡೆಯುತ್ತದೆ.

ಪ್ರೋಟ್ರೇ, ಅಂದರೆ ಸಸಿ ಬೆಳೆಸುವ ಗುಳಿಗಳ ತಟ್ಟೆ, ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಕಾಗದದ ಲೋಟ, ಮೊಸರಿನ ಕಪ್ಪು, ಐಸ್‌ಕ್ರೀಂ ಡಬ್ಬಿ ಏನಾದರೂ ಸರಿ. ತಳಕ್ಕೆ ತೂತು ಇರಲೇಬೇಕು. ಒಂದು ಲೋಟಕ್ಕೆ ಎರಡು ಬೀಜ. ಅರ್ಧ ಸೆಂಟಿಮೀಟರ್ ಆಳ ಸಾಕು. ಬೆರಳ ಉಗುರು ಮುಳುಗುವಷ್ಟು ಆಳ ಹೋದರೆ ಮೊಳಕೆಗೆ ಮೇಲೆ ಬರುವ ಶಕ್ತಿ ಸಾಲದು. ಮೇಲೆ ತೆಳ್ಳಗೆ ಕೋಕೋಪೀಟ್ ಉದುರಿಸಿ, ಕೈಯಿಂದ ಮೆಲ್ಲಗೆ ಒತ್ತಿ, ಸ್ಪ್ರೇ ಬಾಟಲಿಯಿಂದ ನೀರು ಚಿಮುಕಿಸಿ. ಚೊಂಬಿನಿಂದ ಸುರಿದರೆ ಬೀಜ ಒಂದು ಮೂಲೆಗೆ ಹೋಗಿ ಸೇರುತ್ತದೆ.

ಈಗ ಬೆಚ್ಚಗಿಡುವ ಕೆಲಸ. ಮಣ್ಣು 25ರಿಂದ 30 ಡಿಗ್ರಿ ಇದ್ದರೆ ಬೀಜ ಬೇಗ ಒಡೆಯುತ್ತದೆ. 20ಕ್ಕಿಂತ ಕೆಳಗೆ ಹೋದರೆ ಸುಮ್ಮನೆ ಮಲಗಿರುತ್ತದೆ, ಕೊಳೆಯಲೂಬಹುದು. ಈ ಹಂತದಲ್ಲಿ ಬೆಳಕು ಬೇಕಿಲ್ಲ. ನಾನು ಲೋಟಗಳನ್ನು ತಟ್ಟೆಯಲ್ಲಿಟ್ಟು, ಮೇಲೆ ಒದ್ದೆ ಪತ್ರಿಕೆ ಮುಚ್ಚಿ, ಫ್ರಿಜ್ಜಿನ ಮೇಲೆ ಇಡುತ್ತೇನೆ. ಹಿಂದೆ ಹಳ್ಳಿಗಳಲ್ಲಿ ಒಟ್ಲು ಪಾತಿ (ಸಸಿ ಮಡಿ) ಮಾಡಿ ಮೇಲೆ ಹುಲ್ಲು ಹೊದಿಸುತ್ತಿದ್ದದ್ದೂ ಇದೇ ಕಾರಣಕ್ಕೆ. ಬೆಚ್ಚಗಿರಬೇಕು, ತೇವ ಆರಬಾರದು.

ದಿನಕ್ಕೆರಡು ಸಲ ಹೊದಿಕೆ ಎತ್ತಿ ನೋಡಿ. ಮಣ್ಣು ಹಿಂಡಿದ ಬಟ್ಟೆಯಷ್ಟು ತೇವ ಇರಲಿ. ಒಂದು ದಿನ ಪೂರ್ತಿ ಒಣಗಿದರೂ ಒಡೆದ ಬೀಜ ಸಾಯುತ್ತದೆ, ನೀರು ನಿಂತರೂ ಸಾಯುತ್ತದೆ. ಎಂಟನೇ ದಿನದಿಂದ ಗಮನವಿಟ್ಟು ನೋಡಿ. ದಾರದ ಕುಣಿಕೆಯಂತೆ ಬಾಗಿದ ಬಿಳಿ ಕಾಂಡ ಮೊದಲು ಕಾಣಿಸುತ್ತದೆ. ಒಂದೇ ಒಂದು ಕಾಣಿಸಿದರೂ ಸಾಕು, ಅವತ್ತೇ ಹೊದಿಕೆ ತೆಗೆದು ಬೆಳಕಿಗೆ ತನ್ನಿ. "ಉಳಿದವೂ ಬರಲಿ" ಅಂತ ಎರಡು ದಿನ ಕತ್ತಲಲ್ಲೇ ಇಟ್ಟರೆ ಬೆಳಕು ಹುಡುಕಿಕೊಂಡು ಸಸಿ ನೂಲಿನಂತೆ ಉದ್ದವಾಗುತ್ತದೆ. ಹಾಗೆ ಎಳೆದ ಸಸಿ ಮತ್ತೆ ಗಟ್ಟಿಯಾಗುವುದು ಕಷ್ಟ.

ಕೆಲವು ಸಸಿಯ ತಲೆ ಮೇಲೆ ಬೀಜದ ಸಿಪ್ಪೆ ಟೋಪಿಯಂತೆ ಅಂಟಿಕೊಂಡಿರುತ್ತದೆ. ಎಳೆಯಬೇಡಿ, ಎಲೆಯೇ ಕಿತ್ತು ಬರುತ್ತದೆ. ಒಂದು ಹನಿ ನೀರು ಬಿಟ್ಟು, ಅರ್ಧ ಗಂಟೆ ಬಿಟ್ಟು ಮೆಲ್ಲಗೆ ಸರಿಸಿ.

ಮೊಳಕೆಯಿಂದ ಸಸಿ ತನಕ

ಅತಿ ಹೆಚ್ಚು ಸಸಿ ಸಾಯುವುದು ಈಗಲೇ. ಬೆಳಿಗ್ಗೆ ನೋಡಿದರೆ ನೆಟ್ಟಗೆ ನಿಂತಿರುತ್ತದೆ, ಸಂಜೆಗೆ ಬುಡದಲ್ಲಿ ಹಿಂಡಿದಂತಾಗಿ ಅಡ್ಡ ಬಿದ್ದಿರುತ್ತದೆ. ಇದು ಸಸಿ ಕೊಳೆ ರೋಗ. ನೀರು ಕಡಿಮೆಯಾಯಿತೇನೋ ಅಂತ ಮತ್ತೆ ನೀರು ಹಾಕಿದರೆ ಉಳಿದವೂ ಹೋಗುತ್ತವೆ. ಕಾರಣ ಅತಿ ನೀರು, ಒತ್ತೊತ್ತಾಗಿ ಹಾಕಿದ ಬೀಜ, ಗಾಳಿ ಆಡದ ಜಾಗ. ಬಿದ್ದ ಸಸಿಯನ್ನು ಮಣ್ಣಿನ ಸಮೇತ ತೆಗೆದುಹಾಕಿ. ಮೇಲ್ಮಣ್ಣಿನ ಮೇಲೆ ತೆಳುವಾಗಿ ಒಣ ಮರಳು ಉದುರಿಸಿ. ಎರಡು ದಿನ ನೀರು ನಿಲ್ಲಿಸಿ.

ನಮ್ಮ ಅತ್ತೆ ಒಮ್ಮೆ ನಾನು ಲೋಟಗಳಿಗೆ ನೀರು ಹಾಕುವುದನ್ನು ನೋಡಿ, "ಸಸಿಗೆ ನೀರ ಕುಡಸಬ್ಯಾಡವಾ, ಬರೇ ತೋರಸು" ಅಂದಿದ್ದರು. ಅವತ್ತಿನಿಂದ ನಾನು ಲೋಟಗಳನ್ನು ನೀರಿರುವ ತಟ್ಟೆಯಲ್ಲಿ ಹತ್ತು ನಿಮಿಷ ಇಟ್ಟು ತೆಗೆಯುತ್ತೇನೆ. ತಳದ ತೂತಿನಿಂದ ಬೇಕಾದಷ್ಟು ಹೀರಿಕೊಳ್ಳುತ್ತವೆ, ಬುಡ ಒಣಗಿರುತ್ತದೆ. ಆಮೇಲೆ ಸಸಿ ಸಾಯುವುದು ಬಹಳ ಕಡಿಮೆಯಾಯಿತು.

ಮೊದಲ ವಾರ ಎಳೆಬಿಸಿಲು ಎರಡು ಗಂಟೆ ಸಾಕು. ಆಮೇಲೆ ದಿನಾ ಸ್ವಲ್ಪ ಸ್ವಲ್ಪ ಹೆಚ್ಚಿಸಿ. ಕಿಟಕಿಯ ಒಳಗೇ ಇಟ್ಟರೆ ಬೆಳಕು ಒಂದೇ ಕಡೆಯಿಂದ ಬಂದು ಸಸಿ ವಾಲುತ್ತದೆ, ದಿನಾ ಲೋಟ ತಿರುಗಿಸಿ. ಸಂಜೆ ಅಂಗೈಯನ್ನು ಸಸಿಗಳ ತಲೆಯ ಮೇಲೆ ಹಗುರವಾಗಿ ಒಂದೆರಡು ಸಲ ಸವರಿ. ಗಾಳಿಗೆ ಅಲ್ಲಾಡಿದ ಸಸಿಯ ಕಾಂಡ ಗಟ್ಟಿಯಾಗುವ ಹಾಗೆಯೇ ಇದರಿಂದಲೂ ಆಗುತ್ತದೆ.

ಮೊದಲು ಬರುವ ಎರಡು ಎಲೆ ಬೀಜದೆಲೆ. ಅವುಗಳ ನಡುವಿನಿಂದ ಮತ್ತೆರಡು ಬರುತ್ತವೆ, ಅವು ನಿಜವಾದ ಎಲೆಗಳು. ಅಲ್ಲಿಯತನಕ ಗೊಬ್ಬರ ಬೇಡ. ನಾಲ್ಕು ಎಲೆ ಕಂಡ ಮೇಲೆ ಎರೆಜಲವನ್ನು (ಎರೆಹುಳದ ತೊಟ್ಟಿಯಿಂದ ಬಸಿದ ನೀರು) ಹತ್ತು ಪಟ್ಟು ನೀರಿಗೆ ಬೆರೆಸಿ ವಾರಕ್ಕೊಮ್ಮೆ ಕೊಡಿ. ಒಂದು ಲೋಟದಲ್ಲಿ ಎರಡೂ ಬೀಜ ಬಂದಿದ್ದರೆ ಒಂದನ್ನು ಬೇರೆ ಲೋಟಕ್ಕೆ ಬದಲಿಸಿ. ಎತ್ತುವಾಗ ಎಲೆ ಹಿಡಿಯಿರಿ, ಕಾಂಡ ಹಿಡಿಯಬೇಡಿ. ಎಲೆ ಹರಿದರೆ ಇನ್ನೊಂದು ಬರುತ್ತದೆ, ಕಾಂಡ ಜಜ್ಜಿದರೆ ಮುಗಿಯಿತು.

ಸಸಿ ಒಳಗೆ ಇದ್ದರೂ ಮೇಲೆ ಸೊಳ್ಳೆಪರದೆಗಿಂತ ಸಣ್ಣ ಕಣ್ಣಿನ ಬಲೆ ಬಟ್ಟೆ ಮುಚ್ಚಿಡಿ. ಇದನ್ನು ಬಹಳ ಜನ ಮಾಡುವುದಿಲ್ಲ. ಎಲೆ ಮುರುಟು ರೋಗ ತರುವ ಬಿಳಿನೊಣ ಸಸಿ ಇದ್ದಾಗಲೇ ಬಂದು ಕೂತರೆ, ಗಿಡ ಹೂ ಬಿಡುವ ಮುಂಚೆಯೇ ಮುದುಡುತ್ತದೆ. ಒಂದು ತುಂಡು ಬಟ್ಟೆ ಮುಂದಿನ ಮೂರು ತಿಂಗಳ ಗೋಳು ತಪ್ಪಿಸುತ್ತದೆ.

ಕುಂಡಕ್ಕೆ

35ರಿಂದ 40 ದಿನಕ್ಕೆ ಸಸಿ ಗೇಣುದ್ದಕ್ಕಿಂತ ಸ್ವಲ್ಪ ಕಡಿಮೆ ಇರುತ್ತದೆ, ಆರೇಳು ಎಲೆ ಬಂದಿರುತ್ತದೆ. ಕೊನೆಯ ಒಂದು ವಾರ ನೀರು ಸ್ವಲ್ಪ ಕಡಿಮೆ ಮಾಡಿ, ಬಿಸಿಲು ಜಾಸ್ತಿ ಕೊಡಿ. ಆಗ ಕುಂಡಕ್ಕೆ ಹೋದ ಮೇಲೆ ಬಾಡುವುದಿಲ್ಲ.

ಹನ್ನೆರಡು ಇಂಚಿನ ಕುಂಡ ಅಥವಾ ಇಪ್ಪತ್ತು ಲೀಟರಿನ ಪೇಂಟ್ ಬಕೆಟ್, ಒಂದಕ್ಕೆ ಒಂದೇ ಗಿಡ. ಎರಡು ಹಾಕುವ ಆಸೆ ಬೇಡ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಕೋಕೋಪೀಟ್, ಎರಡು ಹಿಡಿ ಬೇವಿನ ಹಿಂಡಿ. ಹಸಿ ಸಗಣಿ ಗೊಬ್ಬರ ಹಾಕಬೇಡಿ, ಬೇರು ಸುಡುತ್ತದೆ, ಗೊಣ್ಣೆಹುಳ ಬರುತ್ತದೆ. ಹಿಂದಿನ ಸಲ ಟೊಮೆಟೊ ಅಥವಾ ಬದನೆ ಇದ್ದ ಮಣ್ಣೂ ಬೇಡ. ಮೂರೂ ಒಂದೇ ಕುಟುಂಬದವು, ರೋಗವೂ ಹಂಚಿಕೊಳ್ಳುತ್ತವೆ. ಆ ಮಣ್ಣಿಗೆ ಸೊಪ್ಪು ಅಥವಾ ಹುರುಳಿಕಾಯಿ ಹಾಕಿ.

ಸಂಜೆ ಹೊತ್ತು ನೆಡಿ. ಬೇರಿನ ಮಣ್ಣು ಒಡೆಯದಂತೆ ಲೋಟ ಕತ್ತರಿಸಿ ತೆಗೆಯಿರಿ. ಮೊದಲಿದ್ದಷ್ಟೇ ಆಳಕ್ಕೆ ನೆಟ್ಟು, ಪಕ್ಕದಲ್ಲೇ ಒಂದು ಕೋಲು ಊರಿ. ಗಿಡ ದೊಡ್ಡದಾದ ಮೇಲೆ ಕೋಲು ಚುಚ್ಚಿದರೆ ಬೇರು ಕತ್ತರಿಸುತ್ತದೆ. ಮೂರು ದಿನ ನೆರಳಿನಲ್ಲಿಟ್ಟು ಆಮೇಲೆ ಬಿಸಿಲಿಗೆ. ದಿನಕ್ಕೆ ಆರು ಗಂಟೆ ಬಿಸಿಲು ಸಿಕ್ಕರೆ ಗಿಡ ಖುಷಿಯಾಗಿರುತ್ತದೆ.

ನೀರು, ಗೊಬ್ಬರ

ತೋರುಬೆರಳನ್ನು ಎರಡು ಗೆಣ್ಣು ಮಣ್ಣಿಗೆ ಇಳಿಸಿ. ಒಣಗಿದ್ದರೆ ನೀರು ಹಾಕಿ, ತೇವ ಇದ್ದರೆ ಬೇಡ. ಮಧ್ಯಾಹ್ನ ಎಲೆ ಬಾಡಿದಂತೆ ಕಂಡರೂ ಹೆದರಬೇಡಿ. ಸಂಜೆಗೆ ತಾನೇ ನೆಟ್ಟಗಾದರೆ ಅದು ಬಿಸಿಲಿಗೆ ಬಾಡಿದ್ದು ಅಷ್ಟೇ. ಸಂಜೆಗೂ ಬಾಡಿದ್ದು ಮಣ್ಣು ಒದ್ದೆ ಇದ್ದರೆ ಬೇರು ಕೊಳೆಯುತ್ತಿದೆ ಅಂತ ಅರ್ಥ. ಬುಡಕ್ಕೆ ಒಣ ಎಲೆ ಅಥವಾ ತೆಂಗಿನ ನಾರು ಹೊದಿಸಿ.

ಹದಿನೈದು ದಿನಕ್ಕೊಮ್ಮೆ ಎರಡು ಹಿಡಿ ಎರೆಗೊಬ್ಬರ. ಗಿಡ ಬೆಳೆಯುವಾಗ ಕಡಲೆಕಾಯಿ ಹಿಂಡಿಯನ್ನು ಮೂರು ದಿನ ನೆನೆಸಿ, ಹತ್ತು ಪಟ್ಟು ನೀರು ಬೆರೆಸಿ ತಿಂಗಳಿಗೆರಡು ಸಲ ಕೊಡಬಹುದು. ಹೂ ಶುರುವಾದ ಮೇಲೆ ಅದನ್ನು ಕಡಿಮೆ ಮಾಡಿ. ಗಿಡ ಕಡುಹಸಿರಾಗಿ, ಮೊಣಕಾಲೆತ್ತರ ಬೆಳೆದು, ಒಂದೂ ಕಾಯಿ ಬಿಡದೆ ನಿಂತಿದೆ ಅಂದರೆ ಸಾರಜನಕ ಜಾಸ್ತಿ ಆಗಿದೆ. ಆಗ ತಿಂಗಳಿಗೆ ಒಂದು ಚಮಚ ಸೌದೆ ಬೂದಿ ಸಾಕು.

ಕಾಂಡ ಮೊದಲ ಸಲ ಎರಡಾಗಿ ಒಡೆಯುವ ಕವಲಿನಲ್ಲಿ ಒಂದು ಹೂ ಬರುತ್ತದೆ. ನಾನು ಅದನ್ನು ಚಿವುಟಿ ತೆಗೆಯುತ್ತೇನೆ. ಗಿಡ ಇನ್ನೂ ಚಿಕ್ಕದು, ಆ ಶಕ್ತಿ ಕೊಂಬೆಗೆ ಹೋಗಲಿ ಅಂತ.

ಹೂ ಉದುರುತ್ತಿದೆ ಅಂದರೆ

ಹಗಲು 35 ಡಿಗ್ರಿ ದಾಟಿದರೆ, ರಾತ್ರಿಯೂ ಸೆಕೆ ಇಳಿಯದಿದ್ದರೆ ಹೂ ಉದುರುತ್ತದೆ. ಮಾರ್ಚ್‌ನಿಂದ ಮೇ ತನಕ ಇದು ಸಹಜ. ಹಸಿರು ನೆರಳು ಪರದೆ ಕಟ್ಟಿ, ನೀರು ತಪ್ಪಿಸದೆ ಕೊಡಿ, ಗೊಬ್ಬರ ನಿಲ್ಲಿಸಿ. ಜೂನ್ ಮಳೆ ಬಿದ್ದ ಮೇಲೆ ಅದೇ ಗಿಡ ಮತ್ತೆ ಹೂ ಬಿಡುತ್ತದೆ. ಕಿತ್ತು ಎಸೆಯಬೇಡಿ. ಗಾಳಿ, ಜೇನು ಬಾರದ ಬಾಲ್ಕನಿಯಾದರೆ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಕೊಂಬೆಯನ್ನು ಮೆಲ್ಲಗೆ ಅಲ್ಲಾಡಿಸಿ. ಹೂವಿನಲ್ಲಿ ಗಂಡು ಹೆಣ್ಣು ಎರಡೂ ಇರುವುದರಿಂದ ಅಷ್ಟಕ್ಕೇ ಕಾಯಿ ಕಟ್ಟುತ್ತದೆ.

ಎಲೆ ಮುರುಟಿಕೊಂಡರೆ

ಮೆಣಸಿನಕಾಯಿ ಬೆಳೆದ ಎಲ್ಲರೂ ಒಂದಲ್ಲ ಒಂದು ದಿನ ಇದನ್ನು ಎದುರಿಸುತ್ತಾರೆ. ಎಲ್ಲ ಮುರುಟೂ ಒಂದೇ ಅಲ್ಲ. ಎಲೆ ಯಾವ ಕಡೆಗೆ ಮಡಚಿದೆ ಅಂತ ಮೊದಲು ನೋಡಿ.

ಅಂಚುಗಳು ಮೇಲಕ್ಕೆ ಮಡಚಿ ಎಲೆ ದೋಣಿಯಂತೆ ಆಗಿದ್ದರೆ ಅದು ಥ್ರಿಪ್ಸ್ ಕೆಲಸ. ಬಿಳಿ ಕಾಗದದ ಮೇಲೆ ಚಿಗುರನ್ನು ತಟ್ಟಿ. ದಾರದ ಚೂರಿನಂತೆ, ಒಂದು ಮಿಲಿಮೀಟರ್ ಉದ್ದದ ಹುಳ ಓಡಾಡುವುದು ಕಾಣುತ್ತದೆ. ಅಂಚು ಕೆಳಕ್ಕೆ ಮಡಚಿ, ಎಲೆ ಸಪೂರವಾಗಿ, ತೊಟ್ಟು ಉದ್ದವಾಗಿದ್ದರೆ ಅದು ನುಸಿ. ಅದು ಕಣ್ಣಿಗೆ ಕಾಣುವುದಿಲ್ಲ. ಎಲೆಗಳು ಚಿಕ್ಕದಾಗಿ, ಹಳದಿಯಾಗಿ, ಗೊಂಚಲಿನಂತೆ ಒತ್ತಾಗಿ, ಗಿಡದ ಬೆಳವಣಿಗೆಯೇ ನಿಂತಿದ್ದರೆ ಅದು ಬಿಳಿನೊಣ ತಂದ ವೈರಸ್. ಅದಕ್ಕೆ ಔಷಧ ಇಲ್ಲ. ಮನಸ್ಸಿಗೆ ಕಷ್ಟವಾದರೂ ಕಿತ್ತು, ಚೀಲದಲ್ಲಿ ಕಟ್ಟಿ ಹೊರಗೆ ಹಾಕಿ. ಇಟ್ಟುಕೊಂಡರೆ ಪಕ್ಕದ ಗಿಡಕ್ಕೂ ಬರುತ್ತದೆ.

ಥ್ರಿಪ್ಸ್, ಬಿಳಿನೊಣ, ಗಿಡಹೇನಿಗೆ ಮೊದಲು ನೀರು. ಪೈಪಿನಿಂದ ಎಲೆಯ ಅಡಿಭಾಗಕ್ಕೆ ರಭಸವಾಗಿ ಹೊಡೆಯಿರಿ. ಮರುದಿನ ಸಂಜೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ನಾಲ್ಕು ಹನಿ ಸೋಪಿನ ನೀರು ಬೆರೆಸಿ ಸಿಂಪಡಿಸಿ. ಸೋಪು ಮೊದಲು ಎಣ್ಣೆಗೆ ಬೆರೆಸಿ, ಆಮೇಲೆ ನೀರು. ಇಲ್ಲದಿದ್ದರೆ ಎಣ್ಣೆ ಮೇಲೆ ತೇಲುತ್ತದೆ. ಒಂದು ಸಲ ಹೊಡೆದು ಬಿಟ್ಟರೆ ಪ್ರಯೋಜನ ಇಲ್ಲ, ಮೊಟ್ಟೆಗಳು ಒಡೆದು ಹೊಸ ಹುಳ ಬರುತ್ತವೆ. ಐದಾರು ದಿನಕ್ಕೊಮ್ಮೆ ಮೂರು ಸಲ ಹೊಡೆಯಿರಿ. ಬಿಳಿನೊಣಕ್ಕೆ ಹಳದಿ, ಥ್ರಿಪ್ಸ್‌ಗೆ ನೀಲಿ ಅಂಟು ಹಾಳೆ ನೇತುಹಾಕಿ. ನುಸಿಗೆ ನೀರಿನಲ್ಲಿ ಬೆರೆಯುವ ಗಂಧಕ, ಲೀಟರಿಗೆ 2 ಗ್ರಾಂ, ತಂಪು ಹೊತ್ತಿನಲ್ಲಿ. ಗಂಧಕ ಮತ್ತು ಬೇವಿನ ಎಣ್ಣೆ ಎರಡರ ನಡುವೆ ಎರಡು ವಾರ ಅಂತರ ಇರಲಿ, ಇಲ್ಲದಿದ್ದರೆ ಎಲೆ ಸುಡುತ್ತದೆ.

2021-22ರಲ್ಲಿ ಆಂಧ್ರ, ತೆಲಂಗಾಣ ಮತ್ತು ನಮ್ಮ ರಾಜ್ಯದ ಮೆಣಸಿನಕಾಯಿ ಹೊಲಗಳಿಗೆ ಕಪ್ಪು ಥ್ರಿಪ್ಸ್ ನುಗ್ಗಿ, ಎಷ್ಟೋ ರೈತರು ನಿಂತ ಬೆಳೆಯನ್ನೇ ಕಿತ್ತು ಹಾಕಬೇಕಾಯಿತು. ಅದು ಹೂವಿನೊಳಗೇ ಕೂರುತ್ತದೆ. ನಮ್ಮ ನಾಲ್ಕು ಕುಂಡಕ್ಕೆ ಅಷ್ಟು ದೊಡ್ಡ ಅಪಾಯ ಇಲ್ಲ, ದಿನಾ ಬೆಳಿಗ್ಗೆ ಎಲೆ ಮಗುಚಿ ನೋಡಲು ನಮಗೆ ಸಾಧ್ಯವಿದೆ ಅಲ್ವಾ? ಅದೇ ದೊಡ್ಡ ಔಷಧ. ಬೀಡಿ, ಸಿಗರೇಟು, ತಂಬಾಕು ಮುಟ್ಟಿದ ಕೈಯಲ್ಲಿ ಗಿಡ ಮುಟ್ಟಬೇಡಿ. ತಂಬಾಕಿನ ವೈರಸ್ ಮೆಣಸಿನಕಾಯಿಗೂ ಹತ್ತುತ್ತದೆ.

ಕೊಯ್ಲು, ಮತ್ತು ಮುಂದಿನ ಬೀಜ

ಕುಂಡಕ್ಕೆ ಹಾಕಿದ ಎರಡು, ಎರಡೂವರೆ ತಿಂಗಳಿಗೆ ಹಸಿಕಾಯಿ ಸಿಗುತ್ತದೆ. ಎಳೆಯದೆ, ತೊಟ್ಟಿನ ಸಮೇತ ಕತ್ತರಿಯಿಂದ ಕತ್ತರಿಸಿ. ಕೊಯ್ದಷ್ಟೂ ಬಿಡುತ್ತದೆ. ಎಲ್ಲವನ್ನೂ ಕೆಂಪಾಗಲು ಬಿಟ್ಟರೆ ಹೊಸ ಹೂ ಕಡಿಮೆಯಾಗುತ್ತದೆ. ಒಣಗಿಸಲು ಬೇಕಾದಷ್ಟನ್ನು ಮಾತ್ರ ಬಿಡಿ. ಖಾರ ಇರುವುದು ಬೀಜದಲ್ಲಲ್ಲ, ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿ. ಕೈ ಉರಿದರೆ ಬರೀ ನೀರಿಗೆ ಹೋಗುವುದಿಲ್ಲ. ಅಡುಗೆ ಎಣ್ಣೆ ಸವರಿ, ಆಮೇಲೆ ಸೋಪಿನಿಂದ ತೊಳೆಯಿರಿ.

ಬೀಜಕ್ಕೆ ಬಿಡುವ ಗಿಡವನ್ನು ಮೊದಲೇ ಆರಿಸಿ. ರೋಗ ಬಾರದ, ಹೆಚ್ಚು ಕಾಯಿ ಬಿಟ್ಟ ಗಿಡ ಇರಲಿ. ಪಕ್ಕದಲ್ಲೇ ಬೇರೆ ತಳಿ ಇದ್ದರೆ ಜೇನು, ನೊಣಗಳು ಪರಾಗ ಬೆರೆಸುತ್ತವೆ. ಅದಕ್ಕೆ ಮೊಗ್ಗು ಅರಳುವ ಮುಂಚೆ ಒಂದು ಕೊಂಬೆಗೆ ತೆಳು ಬಟ್ಟೆ ಚೀಲ ಕಟ್ಟಿ, ಕಾಯಿ ಕಚ್ಚಿದ ಮೇಲೆ ಚೀಲ ತೆಗೆದು ಗುರುತಿಗೆ ಬಣ್ಣದ ದಾರ ಕಟ್ಟಿ. ಕಾಯಿ ಗಿಡದಲ್ಲೇ ಪೂರ್ತಿ ಕೆಂಪಾಗಿ ಸುಕ್ಕು ಬೀಳಲಿ. ಬೀಜ ಬಿಡಿಸಿ, ನೆರಳಿನಲ್ಲಿ ಒಂದು ವಾರ ಒಣಗಿಸಿ. ಮಡಚಿದರೆ ಬಾಗದೆ ಪಟ್ಟನೆ ಮುರಿಯಬೇಕು. ಸ್ವಲ್ಪ ಒಣ ಬೂದಿ ಬೆರೆಸಿ, ಕಾಗದದ ಕವರಿನಲ್ಲಿ ಹಾಕಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ತಂಪಾದ ಕಡೆ ಇಡಿ. ಎರಡು ವರ್ಷದೊಳಗೆ ಬಳಸಿ. ಕವರಿನ ಮೇಲೆ ತಳಿಯ ಹೆಸರು, ತಿಂಗಳು, ವರ್ಷ ಅವತ್ತೇ ಬರೆಯಿರಿ. ಬೀಜ ನೋಡಿ ಜ್ವಾಲಾ ಯಾವುದು, ಬ್ಯಾಡಗಿ ಯಾವುದು ಅಂತ ಹೇಳಲು ಆಗುವುದಿಲ್ಲ.